ಮೊದಲು ಕುಡಿತ ಬಿಡಿಸಬೇಕಾ, ಮೊದಲು ಕಾಯಿಲೆ ವಾಸಿ ಮಾಡಬೇಕಾ?

ಪ್ರಶ್ನೆ: ನನ್ನ ತಮ್ಮನಿಗೆ 29 ವರ್ಷ. ಕೆಲವು ವರ್ಷದ ಹಿಂದೆ ಸ್ಕಿಜೋಫ್ರೀನಿಯಾ ಅಂತ ಗೊತ್ತಾಯಿತು. ಕಿವಿಯಲ್ಲಿ ಯಾರೋ ಬೈದ ಹಾಗೆ ಕೇಳಿಸುತ್ತದೆ ಅನ್ನುತ್ತಾನೆ. ಕುಡಿತವೂ ಇದೆ, ಈಗೀಗ ದಿನಾ. ಮನೋವೈದ್ಯರ ಹತ್ತಿರ ಹೋದರೆ "ಮೊದಲು ಕುಡಿತ ಬಿಡಿಸಿಕೊಂಡು ಬನ್ನಿ" ಅಂದರು. ಡಿ-ಅಡಿಕ್ಷನ್ ಸೆಂಟರ್‌ನವರು "ಮಾನಸಿಕ ಕಾಯಿಲೆ ಇದ್ದವರನ್ನು ಸೇರಿಸಿಕೊಳ್ಳಲ್ಲ, ಅದು ಹತೋಟಿಗೆ ಬಂದ ಮೇಲೆ ಬನ್ನಿ" ಅಂದರು. ಒಮ್ಮೆ ಬೇರೆ ಕಡೆ ಸೇರಿಸಿದ್ದೆವು, ವಾಪಸ್ ಬಂದ ತಿಂಗಳೊಳಗೆ ಮತ್ತೆ ಶುರು. ಕುಡಿತ ಬಿಡಿಸುವ ಮಾತ್ರೆಯನ್ನು ಅವನಿಗೆ ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿ ಕೊಡೋಣ ಅಂತ ಅಮ್ಮ ಹೇಳುತ್ತಿದ್ದಾರೆ. ಎಲ್ಲಾದರೂ ವರ್ಷಗಟ್ಟಲೆ ಸೇರಿಸಿಬಿಡಿ ಅಂತ ನೆಂಟರು. ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳಲು ಆಗುತ್ತದಾ?

ಉತ್ತರ:

ಅಮ್ಮನ ವಿಷಯ ಮೊದಲು. ಊಟದಲ್ಲಿ ಮಾತ್ರೆ ಬೆರೆಸುವ ಯೋಚನೆಯನ್ನು ಇವತ್ತೇ ಬಿಡಿಸಿ. ಹೀಗೆ ಗುಟ್ಟಾಗಿ ಕೊಡುವುದು ಹೆಚ್ಚಾಗಿ ಡೈಸಲ್ಫಿರಾಮ್ ಅನ್ನುವ ಮಾತ್ರೆ. ಕುಡಿದ ಮದ್ಯ ದೇಹದಲ್ಲಿ ಕರಗುವಾಗ ಅಸಿಟಾಲ್ಡಿಹೈಡ್ ಅನ್ನುವ ವಿಷದ ವಸ್ತು ಹುಟ್ಟುತ್ತದೆ, ಲಿವರ್ ಅದನ್ನು ಬೇಗ ಬೇಗ ತೆಗೆದುಹಾಕುತ್ತಿರುತ್ತದೆ. ಈ ಮಾತ್ರೆ ಆ ಕೆಲಸವನ್ನು ತಡೆಯುತ್ತದೆ. ಮಾತ್ರೆ ಒಳಗಿರುವಾಗ ಕುಡಿದರೆ ಮುಖ ಕೆಂಪಗಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ವಾಂತಿಯಾಗುತ್ತದೆ, ಬಿಪಿ ಕುಸಿಯುತ್ತದೆ. ಜೀವವೇ ಹೋಗಬಹುದು. ಕೊನೆಯ ಮಾತ್ರೆ ತಗೊಂಡು ಎರಡು ವಾರ ಕಳೆದರೂ ಈ ಅಪಾಯ ಉಳಿದಿರಬಹುದು. ಹಾಗಾಗಿ ಇದು ಎಲ್ಲ ಗೊತ್ತಿದ್ದು, ಒಪ್ಪಿಕೊಂಡು, ಡಾಕ್ಟರ್ ನಿಗಾದಲ್ಲಿ ತಗೊಳ್ಳುವವರಿಗೆ ಮಾತ್ರ. ಅದೂ ಅಲ್ಲದೆ ಇದು ಕೆಲವರಲ್ಲಿ ಸೈಕೋಸಿಸ್ ಲಕ್ಷಣಗಳನ್ನು, ಅಂದರೆ ಇಲ್ಲದ ಧ್ವನಿ ಕೇಳಿಸುವುದು, ಬುಡವಿಲ್ಲದ ಅನುಮಾನ ಇಂಥವನ್ನು ಜಾಸ್ತಿ ಮಾಡುತ್ತದೆ. ಇನ್ನೂ ಒಂದು ಮಾತಿದೆ. ಸ್ಕಿಜೋಫ್ರೀನಿಯಾ ಇರುವ ಎಷ್ಟೋ ಜನರಿಗೆ "ಮನೆಯವರೇ ನನಗೆ ಏನೋ ಹಾಕುತ್ತಿದ್ದಾರೆ" ಅನ್ನುವ ಅನುಮಾನ ಇರುತ್ತದೆ. ಅದು ಕಾಯಿಲೆಯ ಅನುಮಾನ, ನಿಜ ಅಲ್ಲ ಅಂತ ನಾವೆಲ್ಲ ಹೇಳುತ್ತಿರುತ್ತೇವೆ. ನೀವು ನಿಜವಾಗಿಯೂ ಹಾಕಿಬಿಟ್ಟರೆ, ಅದು ಅವನಿಗೆ ಗೊತ್ತಾದರೆ, ಆಮೇಲೆ ಅವನು ಯಾರನ್ನು ನಂಬಬೇಕು?

ಎರಡನೆಯದು, ಇದೂ ಅಷ್ಟೇ ತುರ್ತಿನದು. ದಿನಾ ಕುಡಿಯುವವರನ್ನು ರೂಮಿನಲ್ಲಿ ಕೂಡಿಹಾಕಿ ಒಮ್ಮೆಲೇ ನಿಲ್ಲಿಸಬೇಡಿ. ಕೊನೆಯ ಸಲ ಕುಡಿದ ಆರೇಳು ಗಂಟೆಯಿಂದಲೇ ಕೈ ನಡುಕ, ಬೆವರು, ಗಾಬರಿ ಶುರುವಾಗಬಹುದು. ಫಿಟ್ಸ್ ಬರುವುದಾದರೆ ಸಾಮಾನ್ಯವಾಗಿ ಮೊದಲ 48 ಗಂಟೆಯೊಳಗೆ ಬರುತ್ತದೆ. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಹೊತ್ತು ಗೊತ್ತು ತಪ್ಪುತ್ತದೆ, ಎಲ್ಲಿದ್ದೇನೆ ಅಂತ ತಿಳಿಯುವುದಿಲ್ಲ, ಇಲ್ಲದ ಹುಳ ಹುಪ್ಪಟೆ ಕಾಣಿಸುತ್ತವೆ, ಮೈ ಸುಡುತ್ತದೆ. ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ, ಚಿಕಿತ್ಸೆ ಸಿಗದಿದ್ದರೆ ಸಾವೂ ಆಗಬಹುದು. ನಿಮ್ಮ ತಮ್ಮನ ವಿಷಯದಲ್ಲಿ ಇಲ್ಲೊಂದು ತೊಡಕು ಇದೆ: ಮೊದಲೇ ಕಾಯಿಲೆ ಇರುವುದರಿಂದ "ತಲೆ ಮತ್ತೆ ಕೆಟ್ಟಿದೆ" ಅಂದುಕೊಂಡು ಮನೆಯವರು ಸುಮ್ನೆ ಇದ್ದುಬಿಡುತ್ತಾರೆ. ಸೈಕೋಸಿಸ್‌ನಲ್ಲಿ ಸಾಮಾನ್ಯವಾಗಿ ಧ್ವನಿ ಕೇಳಿಸುವುದು ಜಾಸ್ತಿ, ಕುಡಿತ ನಿಂತಾಗ ಬರುವ ಭ್ರಮೆಯಲ್ಲಿ ಕಣ್ಣಿಗೆ ಕಾಣಿಸುವುದು ಜಾಸ್ತಿ. ನಡುಕ, ಬೆವರು, ಜ್ವರ, ದಿಕ್ಕು ತಪ್ಪಿದ ಮಾತು ಕಂಡರೆ ಮರುಯೋಚನೆ ಮಾಡದೆ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ಕೊನೆಯ ಸಲ ಎಷ್ಟು ಹೊತ್ತಿಗೆ ಕುಡಿದಿದ್ದು ಅಂತ ಅಲ್ಲಿ ತಪ್ಪದೆ ಹೇಳಿ. ಥಯಾಮಿನ್, ಅಂದರೆ ವಿಟಮಿನ್ ಬಿ1 ಕೊಡುತ್ತೀರಾ ಅಂತಲೂ ಕೇಳಿ. ಬಹಳ ದಿನ ಕುಡಿದವರಲ್ಲಿ ಅದು ಖಾಲಿಯಾಗಿರುತ್ತದೆ, ಮಿದುಳಿಗೆ ಆಗುವ ಹಾನಿಯನ್ನು ಅದು ತಡೆಯುತ್ತದೆ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ಅದು ಆದ ಮೇಲೆ ಇದು, ಇದು ಆದ ಮೇಲೆ ಅದು ಅಂತ ನಿಮ್ಮನ್ನು ಎರಡೂ ಕಡೆಯಿಂದ ವಾಪಸ್ ಕಳಿಸಿದ್ದಾರೆ. ಹಾಗೆ ಮಾಡಿದ್ದು ತಪ್ಪು. ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಆಗಬೇಕು, ಆದಷ್ಟೂ ಒಂದೇ ತಂಡದಿಂದ. ಇದು ನನ್ನೊಬ್ಬರ ಅಭಿಪ್ರಾಯ ಅಲ್ಲ. ಚಿಕಿತ್ಸೆ ಹೇಗಿರಬೇಕು ಅಂತ ಡಾಕ್ಟರುಗಳಿಗೆ ಸಲಹೆ ಕೊಡುವ ಇಂಗ್ಲೆಂಡಿನ ನೈಸ್ ಸಂಸ್ಥೆ 2011ರ ಮಾರ್ಗಸೂಚಿಯಲ್ಲಿ ಇದನ್ನು ನೇರವಾಗಿಯೇ ಹೇಳಿದೆ: ಚಟ ಇದೆ ಅಂತ ಸೈಕೋಸಿಸ್ ಚಿಕಿತ್ಸೆಯಿಂದ ಹೊರಗಿಡಬಾರದು, ಸೈಕೋಸಿಸ್ ಇದೆ ಅಂತ ಚಟದ ಚಿಕಿತ್ಸೆಯಿಂದಲೂ ಹೊರಗಿಡಬಾರದು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ರಾಬರ್ಟ್ ಡ್ರೇಕ್ ಮತ್ತು ಸಂಗಡಿಗರು ಇಂಥವರಿಗೆ ಒಂದೇ ತಂಡ ಎರಡನ್ನೂ ನೋಡುವ ಪದ್ಧತಿ ಬೆಳೆಸಿ, ಅವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ್ದಾರೆ. ಹೆಚ್ಚಿನವರು ನಿಧಾನಕ್ಕೆ, ವರ್ಷದಿಂದ ವರ್ಷಕ್ಕೆ ಸುಧಾರಿಸಿದರು.

ನಿಮ್ಮ ತಮ್ಮ ಅಪರೂಪದ ಕೇಸು ಏನಲ್ಲ. 1990ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಸಮೀಕ್ಷೆಯಲ್ಲಿ, ಸ್ಕಿಜೋಫ್ರೀನಿಯಾ ಇದ್ದವರಲ್ಲಿ ಸುಮಾರು 47 ಶೇಕಡಾ ಜನರಿಗೆ ಜೀವನದ ಯಾವುದೋ ಘಟ್ಟದಲ್ಲಿ ಮದ್ಯ ಅಥವಾ ಬೇರೆ ಮಾದಕ ವಸ್ತುವಿನ ಸಮಸ್ಯೆ ಇತ್ತು. ಹೆಚ್ಚುಕಡಿಮೆ ಅರ್ಧ! ಇಷ್ಟು ಜನರಿಗೆ ಇರುವುದನ್ನು "ನಮ್ಮ ವಿಭಾಗ ಅಲ್ಲ" ಅಂದರೆ ಹೇಗೆ?

ಯಾಕೆ ಎರಡೂ ಒಟ್ಟಿಗೆ ಬರುತ್ತವೆ? ನೋವು ತಡೆಯಲಾರದೆ ತಾವೇ ಮದ್ದು ಮಾಡಿಕೊಳ್ಳುತ್ತಾರೆ ಅನ್ನುವ ವಿವರಣೆಯನ್ನು ಎಡ್ವರ್ಡ್ ಖಾಂಟ್ಜಿಯನ್ ಅನ್ನುವ ಮನೋವೈದ್ಯರು 1985ರಲ್ಲಿ ಮುಂದಿಟ್ಟರು. ಅದು ಪೂರ್ತಿ ಕತೆ ಅಲ್ಲ. ಒಂಟಿತನ, ಕೆಲಸ ಇಲ್ಲದ ಖಾಲಿ ಹೊತ್ತು, ಕುಡಿಯುವ ಗೆಳೆಯರು ಮಾತ್ರ ತಮ್ಮನ್ನು ಮನುಷ್ಯರ ಹಾಗೆ ಕಾಣುವುದು, ಇವೂ ಕಾರಣಗಳೇ. ಕೆಲವು ಸಲ ಮಾದಕ ವಸ್ತುವೇ ಕಾಯಿಲೆಗೆ ದಾರಿ ಮಾಡುತ್ತದೆ. ಸ್ವೀಡನ್ನಿನಲ್ಲಿ ಸೈನ್ಯಕ್ಕೆ ಸೇರಿದ 45,000ಕ್ಕೂ ಹೆಚ್ಚು ಯುವಕರನ್ನು 15 ವರ್ಷ ಹಿಂಬಾಲಿಸಿದ ಅಧ್ಯಯನ 1987ರಲ್ಲಿ ಬಂತು. 50ಕ್ಕಿಂತ ಹೆಚ್ಚು ಸಲ ಗಾಂಜಾ ಸೇದಿದ್ದವರಿಗೆ ಮುಂದೆ ಸ್ಕಿಜೋಫ್ರೀನಿಯಾ ಬರುವ ಸಾಧ್ಯತೆ, ಸೇದದವರಿಗಿಂತ ಆರು ಪಟ್ಟು ಇತ್ತು. ಖಿನ್ನತೆಯಲ್ಲೂ ಹೀಗೆ ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ಕುಡಿತದಿಂದಲೇ ಬಂದ ಖಿನ್ನತೆ, ಕುಡಿತ ನಿಂತ ಮೂರ್ನಾಲ್ಕು ವಾರದಲ್ಲಿ ತಾನಾಗಿ ಇಳಿಯುವುದುಂಟು. ಇಳಿಯದಿದ್ದರೆ ಅದು ಪ್ರತ್ಯೇಕ ಕಾಯಿಲೆ ಅಂತ ಗಟ್ಟಿಯಾಗುತ್ತದೆ. ಆದರೆ ಸಾಯುವ ಮಾತು ಆಡುತ್ತಿರುವವರನ್ನು ಆ ಲೆಕ್ಕ ಹಿಡಿದು ಕಾಯಿಸಬಾರದು.

ನಿಮ್ಮ ತಮ್ಮನ ಒಂದು ದಿನವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಾನು ನೋಡಿದ ಎಷ್ಟೋ ಜನರ ದಿನ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಮಧ್ಯಾಹ್ನ ಎದ್ದು ಕೂತಿದ್ದಾನೆ, ಮಾಡಲು ಏನೂ ಇಲ್ಲ. ನಾಲ್ಕು ಗಂಟೆ ಹೊತ್ತಿಗೆ ಧ್ವನಿಗಳು ಜೋರಾಗುತ್ತವೆ. ಆರಕ್ಕೆ ಹೊರಗೆ ಹೋಗಿ ಕುಡಿಯುತ್ತಾನೆ, ಒಂದೆರಡು ಗಂಟೆ ಎಲ್ಲ ತಣ್ಣಗಾಗುತ್ತದೆ. ಕುಡಿದಿದ್ದೇನೆ ಅಂತ ರಾತ್ರಿ ಮಾತ್ರೆ ತಗೊಳ್ಳುವುದಿಲ್ಲ. ಒಂಬತ್ತಕ್ಕೆ ಮಲಗಿದವನಿಗೆ ಮೂರು ಗಂಟೆಗೆ ಎಚ್ಚರವಾಗುತ್ತದೆ, ಮೈ ಬೆವರಿರುತ್ತದೆ, ಎದೆ ಬಡಿದುಕೊಳ್ಳುತ್ತಿರುತ್ತದೆ. ಕುಡಿದದ್ದು ಇಳಿದಿದೆ, ಮಾತ್ರೆಯೂ ಒಳಗೆ ಇಲ್ಲ. ಈಗ ಧ್ವನಿಗಳು ಸಂಜೆಗಿಂತ ಜೋರು. ನಿದ್ದೆ ಇಲ್ಲದೆ ಬೆಳಗಾಗುತ್ತದೆ, ಮತ್ತೆ ಮಧ್ಯಾಹ್ನ ಏಳುತ್ತಾನೆ. ಇದರಲ್ಲಿ ಯಾವುದು ಕಾಯಿಲೆ, ಯಾವುದು ಚಟ ಅಂತ ಗೆರೆ ಎಳೆಯಿರಿ ನೋಡೋಣ. ಆಗುವುದಿಲ್ಲ, ಅಲ್ವಾ? ಚಿಕಿತ್ಸೆಯನ್ನು ಎರಡು ಕಡೆ ಹಂಚಿದರೆ ಸೋಲುವುದು ಇದಕ್ಕೇ. ಧ್ವನಿ ಕಡಿಮೆಯಾಗದೆ ಸಂಜೆಯ ಕುಡಿತ ನಿಲ್ಲುವುದಿಲ್ಲ, ಕುಡಿತ ಕಡಿಮೆಯಾಗದೆ ರಾತ್ರಿಯ ಮಾತ್ರೆ ಒಳಗೆ ಹೋಗುವುದಿಲ್ಲ.

ಈ ಚಿತ್ರ ಕೈಯಲ್ಲಿದ್ದರೆ ಮಾಡಲು ಎಷ್ಟೊಂದು ಇದೆ ನೋಡಿ. ಮಾತ್ರೆಯ ಹೊತ್ತನ್ನು ಬದಲಿಸಬಹುದಾ ಅಂತ ಡಾಕ್ಟರನ್ನು ಕೇಳಬಹುದು. ಸೈಕೋಸಿಸ್ ಮಾತ್ರೆಯ ಬದಲು ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ಕೊಡುವ ಇಂಜೆಕ್ಷನ್ ಇವೆ, ಕೆಲವು ಮೂರು ತಿಂಗಳಿಗೊಮ್ಮೆ ಕೊಡುವವೂ ಇವೆ. ಕುಡಿದ ದಿನವೂ ಆ ಔಷಧಿ ಒಳಗೆ ಕೆಲಸ ಮಾಡುತ್ತಿರುತ್ತದೆ, ಮನೆಯಲ್ಲಿ "ಮಾತ್ರೆ ತಗೊಂಡೆಯಾ" ಅನ್ನುವ ದಿನನಿತ್ಯದ ಜಗಳವೂ ನಿಲ್ಲುತ್ತದೆ. ನಾಲ್ಕರಿಂದ ಏಳರವರೆಗಿನ ಹೊತ್ತಿಗೆ ಏನಾದರೂ ಒಂದು ಕೆಲಸ, ಒಬ್ಬರ ಜೊತೆ, ಒಂದು ನಡಿಗೆ, ಕಿವಿಗೆ ಇಯರ್‌ಫೋನಿನಲ್ಲಿ ಹಾಡು. ಕಿವಿಗೆ ಹಾಡು ಹಾಕಿಕೊಂಡರೆ ಧ್ವನಿಗಳ ಕಾಟ ಕಡಿಮೆ ಅಂತ ಅದು ಕೇಳಿಸುವ ಎಷ್ಟೋ ಜನ ತಾವೇ ಕಂಡುಕೊಂಡಿರುತ್ತಾರೆ.

ಕುಡಿದ ದಿನ ಮಾತ್ರೆ ತಗೊಳ್ಳಬೇಕಾ ಬೇಡವಾ ಅನ್ನುವುದನ್ನು ಡಾಕ್ಟರ್ ಹತ್ತಿರ ಮುಚ್ಚುಮರೆ ಇಲ್ಲದೆ ಕೇಳಿ, ಯಾವ ಮಾತ್ರೆಗೆ ಏನು ಅಂತ ಬರೆಸಿಕೊಳ್ಳಿ. ಎಷ್ಟೋ ಜನ "ಕುಡಿದಾಗ ಮಾತ್ರೆ ವಿಷ" ಅಂತ ಎಲ್ಲವನ್ನೂ ಬಿಟ್ಟು, ಹಾಗೇ ಕಾಯಿಲೆ ಉಲ್ಬಣಿಸಿಕೊಳ್ಳುತ್ತಾರೆ. ನಿದ್ದೆ ಮತ್ತು ಗಾಬರಿಗೆ ಕೊಡುವ ಡಯಜೆಪಾಮ್, ಆಲ್ಪ್ರಜೋಲಾಮ್ ಥರದವನ್ನು ಮದ್ಯದ ಜೊತೆ ತಗೊಂಡರೆ ಉಸಿರೇ ನಿಲ್ಲಬಹುದು, ಅದು ನಿಜವಾದ ಅಪಾಯ. ಸೈಕೋಸಿಸ್ ಮಾತ್ರೆಗಳ ಲೆಕ್ಕ ಬೇರೆ. ಅಲ್ಲೂ ಮಂಪರು ಜಾಸ್ತಿಯಾಗುತ್ತದೆ, ಆದರೆ ವಾರದಲ್ಲಿ ನಾಲ್ಕು ದಿನ ಬಿಟ್ಟರೆ ಅದರ ನಷ್ಟವೂ ದೊಡ್ಡದು. ನಿಮ್ಮ ತಮ್ಮನ ವಿಷಯದಲ್ಲಿ ತೂಗಿ ಹೇಳಬೇಕಾದವರು ಅವನನ್ನು ನೋಡುತ್ತಿರುವ ಡಾಕ್ಟರ್. ಸಿಗರೇಟಿನ ವಿಷಯವನ್ನೂ ಹೇಳಿ. ತಂಬಾಕಿನ ಹೊಗೆ ಕ್ಲೋಜಪಿನ್, ಒಲಾಂಜಪಿನ್ ಅನ್ನುವ ಸೈಕೋಸಿಸ್ ಔಷಧಿಗಳನ್ನು ಲಿವರ್ ಬೇಗ ಕರಗಿಸುವ ಹಾಗೆ ಮಾಡುತ್ತದೆ. ಜಾಸ್ತಿ ಸೇದುವವರು ಒಮ್ಮೆಲೇ ಬಿಟ್ಟರೆ ಕೆಲವೇ ದಿನದಲ್ಲಿ ಅದೇ ಡೋಸ್ ಅತಿಯಾಗಿಬಿಡುತ್ತದೆ. ಹೊಗೆಗೆ ಅವಕಾಶ ಇಲ್ಲದ ವಾರ್ಡಿಗೆ ಸೇರಿದಾಗಲೂ, ಅಲ್ಲಿಂದ ಬಂದು ಮತ್ತೆ ಸೇದಲು ಶುರು ಮಾಡಿದಾಗಲೂ ಡೋಸ್ ನೋಡಿಕೊಳ್ಳಬೇಕು. ಇದನ್ನು ಬಹಳ ಕಡೆ ಮರೆಯುತ್ತಾರೆ.

ಇನ್ನು ಅವನ ಜೊತೆ ಮಾತಾಡುವ ಬಗೆ. "ಬಿಡು ಬಿಡು" ಅಂತ ಹೇಳಿ ಬಿಡಿಸಿದವರನ್ನು ನಾನು ಇನ್ನೂ ನೋಡಿಲ್ಲ. ವಿಲಿಯಂ ಮಿಲ್ಲರ್ ಅನ್ನುವ ಮನಶ್ಶಾಸ್ತ್ರಜ್ಞರು 1983ರಲ್ಲಿ ಬರೆದು ತೋರಿಸಿದ ವಿಧಾನ ಒಂದಿದೆ, ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ ಅಂತ. ಅದರ ತಿರುಳು ಇಷ್ಟೇ: ಬದಲಾಗಬೇಕು ಅನ್ನುವ ಮಾತು ನಮ್ಮ ಬಾಯಿಂದ ಅಲ್ಲ, ಅವರ ಬಾಯಿಂದ ಬರಬೇಕು. ಮನೆಯಲ್ಲಿ ಹೀಗೆ ಪ್ರಯತ್ನಿಸಿ. ಕುಡಿದಿಲ್ಲದ ಹೊತ್ತು ನೋಡಿ ಕೂತು, "ನಿನ್ನೆ ಕುಡಿದ ಮೇಲೆ ಏನು ಚೆನ್ನಾಗಿ ಅನ್ನಿಸಿತು?" ಅಂತ ಕೇಳಿ. ಹೌದು, ಮೊದಲು ಚೆನ್ನಾಗಿ ಆಗಿದ್ದನ್ನೇ ಕೇಳಿ. "ಸದ್ದು ಕಮ್ಮಿ ಆಯ್ತು ಅಕ್ಕ" ಅಂದಾನು. "ರಾತ್ರಿ ಮೇಲೆ?" "ಮತ್ತೆ ಜಾಸ್ತಿ ಆಯ್ತು." ಅಲ್ಲಿಗೆ ನಿಲ್ಲಿಸಿ. ಉಪದೇಶ ಸೇರಿಸಬೇಡಿ. "ರಾತ್ರಿ ಜಾಸ್ತಿ ಆಗೋದು ಕಷ್ಟ ಅಲ್ವಾ, ಅದಕ್ಕೇನಾದರೂ ಮಾಡೋಣ್ವಾ?" ಅಂದರೆ ಸಾಕು. ಅವನಿಗೆ ಬೇಕಾಗಿರುವುದು ನಿದ್ದೆ. ನೀವು ನಿದ್ದೆಯಿಂದ ಶುರು ಮಾಡಿ, ಕುಡಿತದ ಮಾತು ಅದರ ಹಿಂದೆಯೇ ಬರುತ್ತದೆ.

ತಂಡದವರೂ ಇದೇ ಕ್ರಮದಲ್ಲಿ ಹೋಗಬೇಕು. ಆಶರ್ ಮತ್ತು ಕೋಫೋಡ್ ಅನ್ನುವ ಇಬ್ಬರು 1989ರಲ್ಲಿ ಇದನ್ನು ನಾಲ್ಕು ಹಂತವಾಗಿ ಬಿಡಿಸಿಟ್ಟರು. ಮೊದಲು ಸಂಬಂಧ ಬೆಳೆಸುವುದು, ಆಮೇಲೆ ಮನಸ್ಸು ಒಲಿಸುವುದು, ಆಮೇಲೆ ಚುರುಕಿನ ಚಿಕಿತ್ಸೆ, ಕೊನೆಗೆ ಮತ್ತೆ ಜಾರದ ಹಾಗೆ ಕಾಯುವುದು. ನಮ್ಮಲ್ಲಿ ಆಗುವ ತಪ್ಪು ಏನೆಂದರೆ ನೇರವಾಗಿ ಮೂರನೇ ಹಂತಕ್ಕೆ ಹಾರುತ್ತೇವೆ. ಬಂದವರಿಗೆ ಮೊದಲ ದಿನವೇ ಸಹಿ ಹಾಕಿಸಿ "ಇನ್ನು ಮುಟ್ಟುವುದಿಲ್ಲ" ಅನ್ನಿಸುತ್ತೇವೆ. ಮೊದಲ ಹಂತಕ್ಕೇ ತಿಂಗಳುಗಟ್ಟಲೆ ಬೇಕಾಗಬಹುದು. ಆ ತಿಂಗಳುಗಳಲ್ಲಿ ಒಳ್ಳೆಯ ಸೋಶಿಯಲ್ ವರ್ಕರ್ ಮನೆಗೆ ಬರುತ್ತಾರೆ, ಅವನ ಹಲ್ಲು ನೋವಿಗೆ ಡಾಕ್ಟರನ್ನು ಹುಡುಕಿ ಕೊಡುತ್ತಾರೆ, ಕಾಗದಪತ್ರ ಸರಿ ಮಾಡಿಸುತ್ತಾರೆ, ಬಾಗಿಲು ತೆಗೆಯದಿದ್ದರೆ ಬೇಜಾರಾಗದೆ ಮುಂದಿನ ವಾರ ಮತ್ತೆ ಬರುತ್ತಾರೆ. ಹೊರಗಿನಿಂದ ನೋಡುವವರಿಗೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಚಿಕಿತ್ಸೆ ಶುರುವಾಗಿರುವುದೇ ಅಲ್ಲಿ. ಆಸ್ಪತ್ರೆಯವರೇ ಮನೆಬಾಗಿಲಿಗೆ ಹೋಗುವ ಈ ಪದ್ಧತಿಯನ್ನು 1970ರ ದಶಕದಲ್ಲಿ ಅಮೆರಿಕದ ಮ್ಯಾಡಿಸನ್ ಊರಲ್ಲಿ ಲಿಯೊನಾರ್ಡ್ ಸ್ಟೈನ್, ಮೇರಿ ಆನ್ ಟೆಸ್ಟ್ ಮತ್ತು ಜೊತೆಗಾರರು ಕಟ್ಟಿದರು. ವಾರ್ಡಿನಲ್ಲಿ ಕಲಿತದ್ದು ವಾರ್ಡಿನಲ್ಲೇ ಉಳಿಯುತ್ತದೆ, ಬದುಕುವ ಜಾಗದಲ್ಲೇ ಕಲಿಸಬೇಕು ಅನ್ನುವುದು ಅವರು ಕಂಡ ಸತ್ಯ.

ನಿಮ್ಮ ತಮ್ಮ ಸೆಂಟರಿನಿಂದ ಬಂದು ತಿಂಗಳೊಳಗೆ ಕುಡಿದದ್ದೂ ಇದರಿಂದಲೇ. ಒಳಗಿದ್ದಾಗ ಮದ್ಯ ಕಣ್ಣಿಗೇ ಬೀಳುತ್ತಿರಲಿಲ್ಲ. ಹೊರಗೆ ಬಂದಾಗ ಅದೇ ಸಂಜೆ ನಾಲ್ಕು ಗಂಟೆ, ಅದೇ ಧ್ವನಿ, ಅದೇ ರಸ್ತೆ. ಬಂದ ವಾರವೇ ಯಾರಾದರೂ ಮನೆಗೆ ಬಂದು ನೋಡಿದ್ದರಾ? ಬಂದಿರಲಿಕ್ಕಿಲ್ಲ. ನೆಂಟರು ಹೇಳುವ ಹಾಗೆ ವರ್ಷಗಟ್ಟಲೆ ಸೇರಿಸಿದರೂ ಒಂದು ದಿನ ಹೊರಗೆ ಬರಲೇಬೇಕು, ಆ ದಿನ ಇವೇ ಎಲ್ಲ ಕಾಯುತ್ತಿರುತ್ತವೆ. ಒಪಿಯಾಯ್ಡ್, ಅಂದರೆ ಅಫೀಮು, ಹೆರಾಯಿನ್ ಥರದ ವಸ್ತುಗಳ ವ್ಯಸನ ಇರುವವರ ಮನೆಯವರು ಇದನ್ನು ಓದುತ್ತಿದ್ದರೆ ಒಂದು ಮಾತು: ಬಹಳ ದಿನ ಬಿಟ್ಟಿದ್ದವರಿಗೆ ಮೊದಲಿನ ಪ್ರಮಾಣ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ, ಹೊರಗೆ ಬಂದ ಮೊದಲ ವಾರಗಳಲ್ಲೇ ಓವರ್‌ಡೋಸ್ ಸಾವು ಜಾಸ್ತಿ. ಆ ಓವರ್‌ಡೋಸನ್ನು ಇಳಿಸುವ ನಾಲಾಕ್ಸೋನ್ ಅನ್ನುವ ಔಷಧಿ ಎಲ್ಲಿ ಸಿಗುತ್ತದೆ, ಹೇಗೆ ಕೊಡುವುದು ಅಂತ ಮೊದಲೇ ತಿಳಿದುಕೊಂಡಿರಿ.

ಮತ್ತೆ ಕುಡಿದರೆ? ಕುಡಿಯುತ್ತಾನೆ, ಬಹುಶಃ ಒಂದಲ್ಲ ಹಲವು ಸಲ. ಮಧುಮೇಹದವರ ಸಕ್ಕರೆ ಏರಿದರೆ ಡಾಕ್ಟರ್ ಬಾಗಿಲು ಮುಚ್ಚುತ್ತಾರಾ? ಏನು ತಪ್ಪಿತು ಅಂತ ನೋಡಿ ಚಿಕಿತ್ಸೆ ಬದಲಿಸುತ್ತಾರೆ. ಇಲ್ಲೂ ಅದೇ ಕ್ರಮ. ಪೂರ್ತಿ ಬಿಡುವುದೇ ಗುರಿಯಾಗಿರಲಿ, ಆದರೆ ಏಳು ದಿನದ ಕುಡಿತ ನಾಲ್ಕಕ್ಕೆ ಇಳಿದರೆ, ಮಾತ್ರೆ ತಪ್ಪುವುದು ಕಡಿಮೆಯಾದರೆ, ಕುಡಿದ ದಿನ ಗಾಡಿ ಓಡಿಸದಿದ್ದರೆ ಅವೂ ಗೆಲುವುಗಳೇ. ಅವನಿಗೆ ಹಾಗಂತ ಹೇಳಿ. ಮದ್ಯದ ಹಂಬಲ ಕಡಿಮೆ ಮಾಡುವ ನಾಲ್ಟ್ರೆಕ್ಸೋನ್, ಅಕಾಂಪ್ರೋಸೇಟ್ ಮಾತ್ರೆಗಳಿವೆ. ಲಿವರ್, ಕಿಡ್ನಿ ಪರೀಕ್ಷೆ ನೋಡಿ ಡಾಕ್ಟರ್ ನಿರ್ಧರಿಸಬೇಕು. ಡೈಸಲ್ಫಿರಾಮ್‌ಗಿಂತ ಮೊದಲು ಇವುಗಳ ಬಗ್ಗೆ ಕೇಳಿ. ಮಾತಿನ ಚಿಕಿತ್ಸೆಗಳಲ್ಲಿ ಯಾವುದೋ ಒಂದು ಉಳಿದೆಲ್ಲಕ್ಕಿಂತ ಮೇಲು ಅಂತ ಸಾಬೀತಾಗಿಲ್ಲ, ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಕೊಕ್ರೇನ್ ವಿಮರ್ಶೆಗಳು ಹಾಗೇ ಹೇಳಿವೆ. ಹಾಗಾಗಿ "ನಮ್ಮ ವಿಧಾನದಲ್ಲಿ ನೂರಕ್ಕೆ ನೂರು ಗ್ಯಾರಂಟಿ" ಅನ್ನುವವರಿಂದ ದೂರ ಇರಿ. ಕಟ್ಟಿಹಾಕುವ, ಹೊಡೆಯುವ, ಮನೆಯವರ ಭೇಟಿಗೆ ಬಿಡದ ಜಾಗಗಳಿಂದ ಇನ್ನೂ ದೂರ.

ಮನೆಯ ನಿಯಮಗಳು ಕಡಿಮೆ ಇರಲಿ, ಗಟ್ಟಿ ಇರಲಿ. ಹೊಡೆಯುವಂತಿಲ್ಲ, ಮನೆಯೊಳಗೆ ಕುಡಿಯುವಂತಿಲ್ಲ. ದುಡ್ಡಿನ ಬಗ್ಗೆ ಅವನ ಜೊತೆ ಕೂತು ಒಪ್ಪಂದ ಮಾಡಿಕೊಳ್ಳಿ: ಒಟ್ಟಿಗೆ ಕೊಡುವ ಬದಲು ಸ್ವಲ್ಪ ಸ್ವಲ್ಪ, ಕೆಲವು ಖರ್ಚು ನೇರವಾಗಿ ನೀವೇ ಕಟ್ಟುವುದು. ಕುಡಿದು ಬಂದ ರಾತ್ರಿ ವಾದ ಬೇಡ, ಊಟ ಇಟ್ಟು ಮಲಗಿ. ಕುಡಿಯದೆ ಇದ್ದ ಸಂಜೆ ಮಾತ್ರ ಅವನ ಜೊತೆ ಕೂತು ಹೊತ್ತು ಕಳೆಯಿರಿ. ಹೆಚ್ಚಿನ ಮನೆಗಳಲ್ಲಿ ತದ್ವಿರುದ್ಧ ನಡೆಯುತ್ತದೆ: ಕುಡಿದ ದಿನ ಎಲ್ಲರೂ ಸುತ್ತ ಸೇರುತ್ತಾರೆ, ಕುಡಿಯದ ದಿನ ಯಾರೂ ಮಾತಾಡಿಸುವುದಿಲ್ಲ.

ಮನೆಯಲ್ಲೇ ಆಗುತ್ತದಾ ಅಂತ ಕೇಳಿದ್ದೀರಿ. ಆಗುತ್ತದೆ, ಆದರೆ ನಿಮ್ಮ ಮತ್ತು ಅಮ್ಮನ ಕೈಯಲ್ಲಿ ಮಾತ್ರ ಆಗುವುದಿಲ್ಲ. ಹೊರಗಿನಿಂದ ಬಂದು ಹೋಗುವ ತಂಡ ಬೇಕು. ತಂಡ ಸಿಗದಿದ್ದರೆ, ಇಬ್ಬರು ಡಾಕ್ಟರುಗಳು ಒಬ್ಬರಿಗೊಬ್ಬರು ಫೋನು ಮಾಡಿ ಮಾತಾಡುವ ಹಾಗಾದರೂ ನೀವು ಪಟ್ಟು ಹಿಡಿಯಬೇಕು. ಒಟ್ಟಿಗೆ ಇರುವುದು ಯಾರಿಗೂ ಆಗದ ಸ್ಥಿತಿ ಬಂದರೆ ಪ್ರತ್ಯೇಕವಾಗಿ, ನೆರವಿನೊಂದಿಗೆ ಇರುವ ಮನೆಯೂ ಒಂದು ದಾರಿ, ಅದು ಅವನನ್ನು ಕೈಬಿಟ್ಟ ಹಾಗಲ್ಲ. ನ್ಯೂಯಾರ್ಕಿನಲ್ಲಿ ಸ್ಯಾಮ್ ಸೆಂಬೆರಿಸ್ 1992ರಲ್ಲಿ ಬೀದಿಯಲ್ಲಿದ್ದ ಇಂಥವರಿಗೇ ಚಟ ಬಿಟ್ಟಿರಬೇಕು ಅನ್ನುವ ಷರತ್ತಿಲ್ಲದೆ ಮೊದಲು ಮನೆ ಕೊಡಿಸಲು ಶುರು ಮಾಡಿದರು. ಆಗದ ಕೆಲಸ ಅಂದವರೇ ಜಾಸ್ತಿ, ಆದರೆ ಹೆಚ್ಚಿನವರು ಆ ಮನೆಗಳಲ್ಲಿ ಉಳಿದರು.

ಸಾಯುತ್ತೇನೆ ಅನ್ನುವುದು, ಧ್ವನಿಗಳು ಯಾರನ್ನಾದರೂ ಹೊಡೆ ಅಂತ ಹೇಳುವುದು, ದಿನಗಟ್ಟಲೆ ನಿದ್ದೆ ಊಟ ಬಿಡುವುದು ಕಂಡರೆ ಅದು ಮನೆಯಲ್ಲಿ ನಿಭಾಯಿಸುವ ಹೊತ್ತಲ್ಲ. ಆಗ ಆಸ್ಪತ್ರೆ ಬೇಕು, ಕುಡಿದಿದ್ದಾನೆ ಅಂತ ವಾಪಸ್ ಕಳಿಸಲು ಬಿಡಬೇಡಿ.

ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವಾಗ ಒಂದು ಹಾಳೆ ತಗೊಂಡು ಹೋಗಿ. ಕಳೆದ ಎರಡು ವಾರ ಯಾವ ದಿನ ಎಷ್ಟು ಹೊತ್ತಿಗೆ ಕುಡಿದ, ಯಾವ ಮಾತ್ರೆ ತಪ್ಪಿತು, ಧ್ವನಿ ಯಾವಾಗ ಜಾಸ್ತಿ ಆಯಿತು, ಎಷ್ಟು ನಿದ್ದೆ ಮಾಡಿದ, ಹಿಂದೆ ಎಂದಾದರೂ ಫಿಟ್ಸ್ ಬಂದಿತ್ತಾ. ಅವನಿಗೆ ಗೊತ್ತಿದ್ದೇ ಬರೆಯಿರಿ, ಸಾಧ್ಯವಾದರೆ ಅವನ ಕೈಯಲ್ಲೇ ಬರೆಸಿ. "ಮೊದಲು ಕುಡಿತ ಬಿಡಿಸಿ" ಅಂತ ಮತ್ತೆ ಹೇಳಿದರೆ ಆ ಹಾಳೆ ಮುಂದಿಟ್ಟು, "ಡಾಕ್ಟರೇ, ಇವೆರಡೂ ಒಂದಕ್ಕೊಂದು ಸೇರಿಕೊಂಡಿವೆ, ಒಟ್ಟಿಗೆ ಯಾರು ನೋಡುತ್ತಾರೆ ಅಂತ ನೀವೇ ಹೇಳಿ, ಅವರಿಗೆ ಒಂದು ಪತ್ರ ಬರೆದು ಕೊಡಿ" ಅಂತ ಕೇಳಿ. ಪತ್ರ ತಗೊಂಡೇ ಎದ್ದು ಬನ್ನಿ.